ಗುಂಡುಕಲ್ಲಿನ ಹಲ್ಲು

"ನಮ್ಮ ವಂಶದಲ್ಲಿ ಏಳು ತಲೆಮಾರಿನಿಂದ ಯಾರೂ ಒಂದು ಸೀನು ಕೂಡ ಸೀನಿಲ್ಲ ಕಣ್ರೀ. ನಮ್ಮಜ್ಜ ಸತ್ತಾಗಲೂ ಆರೋಗ್ಯವಾಗಿಯೇ ಇದ್ದ!"

ಸಲೂನಿನ ಯಜಮಾನ ಈ ಮಾತನ್ನು ದಿನಕ್ಕೆ ಕಡಿಮೆಯೆಂದರೆ ನಾಲ್ಕು ಸಾವಿರ ಸಲ ಹೇಳುತ್ತಿದ್ದ. ಕೇಳಿದವರು ಯಾರೂ ಎದುರಾಡಿದ್ದಿಲ್ಲ. ಗಂಟಲ ಮೇಲೆ ಕತ್ತಿ ಆಡುತ್ತಿರುವಾಗ ಎದುರಾಡುವ ಗಂಡೆದೆ ಯಾರಿಗಿದೆ? "ನಾನು ಗುಂಡುಕಲ್ಲು ಇದ್ದ ಹಾಗಿದ್ದೀನಿ" ಎಂದು ಎದೆ ತಟ್ಟಿಕೊಂಡು ತಟ್ಟಿಕೊಂಡು ಕೊನೆಗೆ ಅವನ ಹೆಸರೇ ಗುಂಡುಕಲ್ಲು ಎಂದಾಗಿಹೋಗಿತ್ತು.

ಆಸ್ಪತ್ರೆ ಖರ್ಚಿನ ಮಾತು ಬಂದರಂತೂ ಕತ್ತರಿಗಿಂತ ಅವನ ನಾಲಿಗೆಯೇ ಮುಂದು. "ಹಿಂದಿನವರು ನೆಗಡಿಯಾದ್ರೆ ಮೂಗು ಒರೆಸ್ಕೋತಿದ್ರು. ಈಗಿನವರು ಸ್ಕ್ಯಾನ್ ಮಾಡಿಸ್ಕೋತಾರೆ. ಆ ಬಿಲ್ ನೋಡಿದ್ರೆ ವಾಸಿಯಾದ ರೋಗ ವಾಪಸ್ ಬರುತ್ತೆ! ಅವರವರ ಮೈ, ಅವರವರ ಜೇಬು. ನಿನ್ನ ಅಜೀರ್ಣಕ್ಕೆ ನಾನ್ಯಾಕಪ್ಪ ಚಂದಾ ಕೊಡ್ಲಿ?"

ಬೀದಿಯವರಿಗೆ ಈ ಮಾತು ಹಿತವಾಗಿಯೇ ಇತ್ತು. ಏಕೆಂದರೆ ಉಳಿದಿಬ್ಬರು ಮುಖಂಡರ ಮಾತು ಕೇಳಿದರೆ ಚಳಿಜ್ವರ ಬರುತ್ತಿತ್ತು. ಒಬ್ಬ ಬೆಂಕಿಯಣ್ಣ, ಕಸುಬಿನಲ್ಲಿ ಎಲೆಕ್ಟ್ರಿಷಿಯನ್. ಆಸ್ಪತ್ರೆಗಳನ್ನೆಲ್ಲ ಕಿತ್ತುಕೊಂಡು, ಬಿಲ್ ಬರೆದವರನ್ನು ಅದೇ ಬಿಲ್ಲಿನಲ್ಲಿ ಸುತ್ತಿ ಸುಡಬೇಕೆಂಬುದು ಅವನ ವಾದ. ಇನ್ನೊಬ್ಬರು ಗಡೀಪಾರು ಮೇಷ್ಟ್ರು, ನಿವೃತ್ತ ಗಣಿತದ ಅಧ್ಯಾಪಕರು. ರೋಗಿಗಳನ್ನೆಲ್ಲ ಗಡಿಯಾಚೆ ದಾಟಿಸಿಬಿಟ್ಟರೆ ಚಿಕಿತ್ಸೆಯ ಖರ್ಚು ಸೊನ್ನೆಗೆ ಇಳಿಯುತ್ತದೆಂದು ಅವರು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದ್ದರು. ಇಬ್ಬರ ಬಳಗಕ್ಕೂ ಒಂದೇ ಚಟ. ಬೀದಿಯಲ್ಲಿ ಏನೇ ಆಗಲಿ, "ಇದು ನಮ್ಮಿಂದಲೇ ಆದದ್ದು" ಎಂದು ಬೋರ್ಡು ನೆಡುವುದು. ದೀಪ ಹತ್ತಿದರೆ ಎರಡು ಬೋರ್ಡು. ಮಳೆ ಬಂದರೂ ಎರಡು ಬೋರ್ಡು.

ಒಂದು ಸಂಜೆ ಬೀದಿ ಸಂಘದ ಸಭೆಯಿತ್ತು. ಎಲ್ಲರೂ ಚಂದಾ ಹಾಕಿ ಒಂದು ಉಚಿತ ಚಿಕಿತ್ಸಾಲಯ ಕಟ್ಟಬೇಕೇ, ಬೇಡವೇ ಎಂದು ತೀರ್ಮಾನವಾಗಬೇಕು. ಬೇಡ ಎನ್ನುವವರ ಮುಖ್ಯ ಭಾಷಣಕಾರ ಗುಂಡುಕಲ್ಲು. ಅದೇ ದಿನ ಬೆಳಿಗ್ಗೆ ಅವನ ಎಡದವಡೆ ಊದಿಕೊಂಡಿತು.

ಊತವೆಂದರೆ ಅಂತಿಂಥ ಊತವಲ್ಲ. ಸಲೂನಿನ ಅಷ್ಟುದ್ದದ ಕನ್ನಡಿಯಲ್ಲಿ ಕೆನ್ನೆಗೆ ಜಾಗ ಸಾಲದೆ ಮೂಗು ಹೊರಗುಳಿಯಿತು. ಒಳಗೆ ಹಲ್ಲಿನ ಬುಡದಲ್ಲಿ ಹತ್ತಾರು ಕಮ್ಮಾರರು ಕುಲುಮೆ ಹೂಡಿ ಕುಟ್ಟುತ್ತಿದ್ದರು.

"ಎದುರಿಗೇ ಹಲ್ಲಿನ ಡಾಕ್ಟರಮ್ಮ ಇದಾರೆ. ರಸ್ತೆ ದಾಟಿದ್ರೆ ಆಯ್ತು, ಹೋಗ್ರೀ" ಎಂದಳು ಹೆಂಡತಿ.

"ಬೀದಿಗೆ ಗೊತ್ತಾದ್ರೆ ನನ್ನ ಮಾನ ಏನಾಗ್ಬೇಕು? ಸಂಜೆ ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

"ಈ ಮುಖ ಇಟ್ಕೊಂಡಂತೂ ಆಗಲ್ಲ. ಮಾನ ಹಲ್ಲಿನ ಸಂದೀಲಿ ಸಿಕ್ಕಿಕೊಂಡಿದ್ರೆ ಅದನ್ನೂ ಸೇರಿಸಿ ಕೀಳಿಸ್ಕೊಂಡು ಬನ್ನಿ."

ಗದ್ದದಿಂದ ನೆತ್ತಿಗೆ ಟವೆಲು ಬಿಗಿದುಕೊಂಡು ಗುಂಡುಕಲ್ಲು ಕಳ್ಳಹೆಜ್ಜೆ ಇಟ್ಟ. ಮೊದಲು ಕೆನ್ನೆ ಹೊಸ್ತಿಲು ದಾಟಿತು. ತುಸು ಹೊತ್ತಿನ ಮೇಲೆ ಅವನೂ ಬಂದ. ಬಂದವನು ನೇರವಾಗಿ ಇಸ್ತ್ರಿ ಅಂಗಡಿಯ ಅಕ್ಕನ ಕಣ್ಣಿಗೆ ಬಿದ್ದ. ಆ ಅಕ್ಕನ ಕಣ್ಣಿಗೆ ಬೀಳುವುದೂ ಒಂದೇ, ರೇಡಿಯೋದಲ್ಲಿ ಬರುವುದೂ ಒಂದೇ.

"ಅಯ್ಯಯ್ಯೋ ಮಾಮ! ಯಾರು ಹೊಡೆದ್ರು ನಿಮ್ಗೆ?"

ಗುಂಡುಕಲ್ಲು ಯೋಚಿಸಿದ. ಹಲ್ಲುನೋವು ಎಂದರೆ ಏಳು ತಲೆಮಾರು ಮಣ್ಣುಪಾಲು. ಏಟು ತಿನ್ನುವುದಾದರೋ ರೋಗವಲ್ಲವಲ್ಲ! ಹೌದೆಂದು ತಲೆಯಾಡಿಸಿದ.

"ಆ ಬೋರ್ಡು ನೆಡೋ ಬಳಗದವರೇ ತಾನೆ? ನಿಮ್ಮ ಭಾಷಣ ತಪ್ಪಿಸೋಕೆ! ಎಷ್ಟು ಜನ ಬಂದಿದ್ರು?"

ದಾರಿ ಬಿಡು ತಾಯಿ ಎಂಬಂತೆ ಅವನು ಅಂಗೈ ಎತ್ತಿದ. ಅಕ್ಕ ಬೆರಳು ಎಣಿಸಿದಳು. ಆ ಐದು ಜನ ಬೇಕರಿ ತಲುಪುವ ಹೊತ್ತಿಗೆ ಐವತ್ತಾದರು. ಬಸ್ ನಿಲ್ದಾಣ ಮುಟ್ಟುವಾಗ ಅವರಿಗೆ ಕುದುರೆಗಳೂ ಬಂದಿದ್ದವು.

ಗುಂಡುಕಲ್ಲು ಡಾಕ್ಟರಮ್ಮನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದನಷ್ಟೆ, ಜನ ಬಂದು ಮುತ್ತಿಕೊಂಡರು.

"ಎತ್ರೋ, ಡಾಕ್ಟ್ರ ಹತ್ರ ಕರ್ಕೊಂಡ್ ಹೋಗೋಣ!" ಎಂದನೊಬ್ಬ ಪುಣ್ಯಾತ್ಮ.

"ಏಯ್, ಬಾಯಿ ಮುಚ್ಚು!" ಎಂದು ಗದರಿದ ಬೇಕರಿಯವನು. "ಮಾಮನ ತತ್ವ ಗೊತ್ತಿಲ್ವಾ? ಪ್ರಾಣ ಹೋದ್ರೂ ಅವರು ಡಾಕ್ಟ್ರ ಮೆಟ್ಟಿಲು ಹತ್ತೋರಲ್ಲ!"

ಗುಂಡುಕಲ್ಲು ಡಾಕ್ಟರಮ್ಮನ ಬಾಗಿಲ ಕಡೆ ಎರಡೂ ಕೈ ಚಾಚಿ ಗೋಳಾಡಿದ. "ನೋಡಿ, ಈ ಸ್ಥಿತೀಲೂ ಡಾಕ್ಟ್ರಿಗೆ ಹೇಗೆ ಶಾಪ ಹಾಕ್ತಿದಾರೆ!" ಎಂದು ಜನ ಕಣ್ಣೊರೆಸಿಕೊಂಡರು. ಹೆಗಲ ಮೇಲೆ ಹೊತ್ತು ತಂದು ಸಂಘದ ಕುರ್ಚಿಯಲ್ಲಿ ಕೂರಿಸಿದರು. ನೋಡಲು ಬಂದವರ ಸಾಲು ಸಂಜೆಯಾದರೂ ಕರಗಲಿಲ್ಲ. ಅವನು ಎದ್ದರೆ ಸಾಕು, "ಸುಸ್ತಾಗಿದ್ದೀರಿ ಮಾಮ" ಎಂದು ನಾಲ್ಕು ಕೈಗಳು ಮತ್ತೆ ಅದುಮಿ ಕೂರಿಸುತ್ತಿದ್ದವು.

ಸಭೆಗೆ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರಮ್ಮನೂ ಕ್ಲಿನಿಕ್ ಮುಚ್ಚಿ ಬಂದಿದ್ದಳು. ಅಧ್ಯಕ್ಷಿಣಿಯಾದ ಹೊಲಿಗೆ ಟೀಚರ್ ಮೇಜು ಕುಟ್ಟಿದಳು. "ಹೆದರಬೇಡಿ ಮಾಮ. ಯಾವ ಕಡೆಯವರು ಹೊಡೆದದ್ದು?"

ಇಬ್ಬರೂ ನಾವಲ್ಲ ನಾವಲ್ಲ ಎಂದು ಕಿತ್ತಾಡುತ್ತಾರೆ, ಆ ಗದ್ದಲದಲ್ಲಿ ಹಿಂಬಾಗಿಲಿಂದ ಜಾರಬಹುದು ಎಂಬುದು ಗುಂಡುಕಲ್ಲಿನ ಲೆಕ್ಕಾಚಾರ. ಆದರೆ ಬೆಂಕಿಯಣ್ಣ ಎದ್ದು ಮೀಸೆ ತಿರುವಿದ.

"ಮುಚ್ಚುಮರೆ ಯಾಕೆ? ನಮ್ಮ ಹುಡುಗರೇ ಹೊಡೆದದ್ದು!"

"ಶುದ್ಧ ಸುಳ್ಳು!" ಮೇಷ್ಟ್ರು ಕುರ್ಚಿಯ ಮೇಲೆ ಹತ್ತಿದರು. "ನಿಮ್ಮ ಹುಡುಗರು ಒಂದು ಸೊಳ್ಳೆ ಹೊಡೆದದ್ದನ್ನ ಯಾರಾದ್ರೂ ಕಂಡಿದಾರೇನ್ರೀ? ಅದು ನಮ್ಮ ಏಟು. ಊತದ ಸುತ್ತಳತೆ ನೋಡಿ, ಎಂಥಾ ಶಿಸ್ತು!"

"ರೀ ಮೇಷ್ಟ್ರೇ, ನಮ್ಮ ಏಟಿಗೆ ನಿಮ್ಮ ಬೋರ್ಡು ಹಾಕ್ಬೇಡಿ!"

"ಮಾಮನೇ ಹೇಳಲಿ!"

"ಹೇಳು ಮಾಮ! ನಮ್ಮದಲ್ಲ ಅಂದ್ರೆ ಇಲ್ಲೇ ಇನ್ನೊಂದು ಸಲ ಹೊಡೆದು ತೋರಿಸ್ತೀವಿ!"

"ನಾವೂ ತೋರಿಸ್ತೀವಿ! ಬಲಗೆನ್ನೆ ಖಾಲಿ ಇದೆ!"

ಎರಡು ಕಡೆಯಿಂದಲೂ ಹುಡುಗರು ತೋಳೇರಿಸಿಕೊಂಡು ಬಂದರು. ಗುಂಡುಕಲ್ಲಿನ ಎದೆ ಪುಡಿಗಲ್ಲಾಯಿತು. ಟವೆಲು ಕಿತ್ತೆಸೆದು ಕೂಗಿದ. "ಯಾರೂ ಹೊಡೆದಿಲ್ಲಪ್ಪೋ! ಹಲ್ಲುನೋವು! ಬರೀ ಹಲ್ಲುನೋವು!"

ಸಭೆ ನಗಲಿಲ್ಲ. ನಕ್ಕಿದ್ದರೆ ಬಚಾವಾಗುತ್ತಿದ್ದ.

"ಗುಂಡುಕಲ್ಲಿಗೇ ಹಲ್ಲುನೋವು ಬಂತು ಅಂದ್ರೆ ನಮ್ಮಂಥವರ ಗತಿ ಏನು?" ಎಂದು ಟೀಚರ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಚಿಕಿತ್ಸಾಲಯ ಬೇಕೇ ಬೇಕು!"

ಕೈಗಳು ಎದ್ದವು. ಏಟು ಕೈತಪ್ಪಿದರೂ ಚಿಕಿತ್ಸಾಲಯದ ಹೆಸರಾದರೂ ಸಿಗಲಿ ಎಂದು ಬೆಂಕಿಯಣ್ಣನೂ ಕೈ ಎತ್ತಿದ. ಅದನ್ನು ಕಂಡು ಮೇಷ್ಟ್ರು ಎರಡೂ ಕೈ ಎತ್ತಿದರು.

"ಉದ್ಘಾಟನೆಯ ದಿನ ಮೊದಲನೇ ಹಲ್ಲು ಮಾಮನದೇ!" ಎಂದು ಘೋಷಿಸಿದ ಬೆಂಕಿಯಣ್ಣ. "ಅಲ್ಲೀವರೆಗೂ ಅದನ್ನ ಯಾರೂ ಮುಟ್ಟಕೂಡದು!"

"ಹಲ್ಲಿನ ಕಾವಲಿಗೆ ನಮ್ಮಿಂದ ಇಬ್ಬರು" ಎಂದರು ಮೇಷ್ಟ್ರು.

"ನಮ್ಮಿಂದ ಮೂವರು!"

ಭೂಮಿ ಹುಟ್ಟಿದ ಮೇಲೆ ಮೊದಲ ಸಲ ಎರಡೂ ಕಡೆಯವರು ಒಂದು ವಿಷಯದಲ್ಲಿ ಒಪ್ಪಿದ್ದರು. ಆ ವಿಷಯ ಅವನ ಬಾಯೊಳಗಿತ್ತು.

"ಉದ್ಘಾಟನೆ ಯಾವಾಗ?" ಎಂದು ಕೇಳಿದ ಗುಂಡುಕಲ್ಲು.

"ಕಟ್ಟಡ ಏಳಬೇಕಲ್ಲ ಮಾಮ. ಬೇಗ ಅಂದ್ರೂ ಆರು ತಿಂಗಳು" ಎಂದಳು ಟೀಚರ್.

"ನನ್ನ ಹಲ್ಲು, ನನ್ನ ಜೇಬು! ನನ್ನ ದುಡ್ಡಲ್ಲೇ ಈಗಲೇ ಕೀಳಿಸ್ಕೋತೀನಿ, ಬಿಡ್ರೋ!"

"ಛೆ ಛೆ, ಆ ಕಾಲ ಹೋಯ್ತು. ಈಗ ಅದು ಸಾರ್ವಜನಿಕ ಹಲ್ಲು."

ಅವನು ಡಾಕ್ಟರಮ್ಮನ ಕಡೆ ದೀನನಾಗಿ ನೋಡಿದ. ಅವಳಿಗೆ ಕರುಣೆ ಬಂತು. "ತೀರ್ಮಾನ ಮೀರೋಕೆ ನನ್ನಿಂದಾಗಲ್ಲ ಮಾಮ. ಆದ್ರೆ ನೋವು ಇವತ್ತೇ ಶುರುವಾಗಿದ್ರೆ ತುರ್ತು ಅಂತ ಹೇಳಿ ಈಗಲೇ ಕಿತ್ತುಹಾಕ್ತೀನಿ. ಹಳೇ ನೋವಾದ್ರೆ, ಇಷ್ಟು ದಿನ ಕಾದಿದ್ದು ಇನ್ನೂ ಕಾಯುತ್ತೆ. ಯಾವಾಗಿಂದ?"

"ಇವತ್ತೇ! ಬೆಳಿಗ್ಗೆ ಎದ್ದಾಗಲೇ! ಅಲ್ಲೀವರೆಗೆ ಈ ಹಲ್ಲಲ್ಲಿ ಕಬ್ಬಿಣ ಕಡೀತಿದ್ದೆ!"

ಹಿಂದಿನ ಸಾಲಿನಲ್ಲಿ ಹೆಂಡತಿ ಮೆಲ್ಲಗೆ ಎದ್ದು ನಿಂತಳು. ಸಭೆಯ ತಲೆಗಳೆಲ್ಲ ಅತ್ತ ತಿರುಗಿದವು.

"ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಗುಂಡುಕಲ್ಲು ಅವಳನ್ನು ನೋಡಿದ, ಡಾಕ್ಟರಮ್ಮನನ್ನು ನೋಡಿದ, ಆಗಲೇ ತನ್ನ ಎರಡೂ ಪಕ್ಕ ಬಂದು ನಿಂತಿದ್ದ ಐವರು ಕಾವಲುಗಾರರನ್ನು ನೋಡಿದ.

"ಮೂರು ವರ್ಷ ಆಯ್ತು ಡಾಕ್ಟ್ರೇ" ಎಂದ. "ಮನೇಲಿ ಒಂದು ದಿಂಬೂ ನೆಟ್ಟಗಿಲ್ಲ. ಎಲ್ಲಾ ಕಚ್ಚಿ ಹರಿದಿದ್ದೀನಿ."