ಮೂಗು ತೋರಿಸದ ಮಾವ

ಕೊರೊನಾದ ಆ ಎರಡು ವರ್ಷಗಳಲ್ಲಿ ನಮ್ಮ ಮಾವನ ಮೂಗು ನೋಡಿದ್ದೇನೆ ಎಂದು ದೆಹಲಿಯ ಮಯೂರ್ ವಿಹಾರದಲ್ಲಿ ಯಾರಾದರೂ ಹೇಳಿದರೆ, ಅದು ಶುದ್ಧ ಸುಳ್ಳು! ಎಲ್ಲಿ ಬೇಕಾದರೂ ನಿಂತು ಪ್ರಮಾಣ ಮಾಡುತ್ತೇನೆ. ಕೊರೊನಾ ಬಂತು, ಹೋಯಿತು, ಮತ್ತೆ ಬಂತು. ಲಾಕ್‌ಡೌನ್ ತೆಗೆದರು, ಹಾಕಿದರು, ತೆಗೆದರು. ಮಾವನ ಮೂಗು ಮಾತ್ರ ಹೊರಗೆ ಬರಲಿಲ್ಲ.

ಮಾವ ಅಂದರೆ ನನ್ನ ಅಮ್ಮನ ತಮ್ಮ. ಕೇಂದ್ರ ಸರ್ಕಾರದ ಮಂತ್ರಾಲಯವೊಂದರಲ್ಲಿ ಮೂವತ್ತೈದು ವರ್ಷ ದುಡಿದು ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ನಿವೃತ್ತಿಯಾದದ್ದು ಮಾವನಿಗೆ, ಅವರೊಳಗಿನ ಸೆಕ್ಷನ್ ಆಫೀಸರಿಗಲ್ಲ. ಮಾಸ್ಕ್ ಕಡ್ಡಾಯ ಎಂಬ ಸುತ್ತೋಲೆ ಬಂದ ದಿನವೇ ಅದನ್ನು ಪ್ರಿಂಟ್ ತೆಗೆಸಿ, ಅಡಿಯಲ್ಲಿ ಗೆರೆ ಎಳೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಒಂದರ ಮೇಲೊಂದು ಎರಡು ಮಾಸ್ಕ್. ತರಕಾರಿಗೆ ಹೋಗುವ ಜೋಡಿ ಬೇರೆ, ವಾಕಿಂಗಿನ ಜೋಡಿ ಬೇರೆ, ಮನೆಯೊಳಗಿನ ಜೋಡಿಯೇ ಬೇರೆ. ಹೌದು, ಮನೆಯೊಳಗೂ! ಊಟ, ಕಾಫಿ ಎಲ್ಲ ಬಾಲ್ಕನಿಯಲ್ಲಿ, ನಮಗೆ ಬೆನ್ನು ಹಾಕಿ. ಮಾವನ ಪೂರ್ತಿ ಮುಖ ಪರಿಚಯವಿದ್ದದ್ದು ಎದುರಿನ ಪಾರಿವಾಳಗಳಿಗೆ ಮಾತ್ರ.

ಇಷ್ಟೆಲ್ಲ ಯಾಕೆಂದರೆ ಅತ್ತೆಗೆ ಉಬ್ಬಸ. ಹಾಲು, ತರಕಾರಿ ಎಂದು ದಿನವೂ ಹೊರಗೆ ತಿರುಗುವವರು ಮಾವ ಒಬ್ಬರೇ. ರೋಗ ಬಂದರೆ ತನ್ನ ಮೂಗಿನ ಮೂಲಕವೇ ಬರಬೇಕು ಎಂಬುದು ಅವರ ಲೆಕ್ಕಾಚಾರ.

ಇದರಲ್ಲೊಂದು ದೊಡ್ಡ ತೊಡಕಿತ್ತು. ನಮ್ಮ ಅತ್ತೆಗೆ ಇಪ್ಪತ್ತು ವರ್ಷಗಳಿಂದ ಕಿವಿ ಕೇಳಿಸದು. ಮಿಷನ್ ಹಾಕಿಸಿದರೆ, "ಕುಕ್ಕರ್ ನನ್ನ ಕಿವಿಯೊಳಗೇ ಕೂಗುತ್ತೆ" ಎಂದು ಕಿತ್ತು ಡ್ರಾಯರಿಗೆ ಹಾಕಿದ್ದರು. ಆದರೆ ತುಟಿ ನೋಡಿ ಮಾತು ತಿಳಿದುಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕನ್ನಡವಾದರೂ ಸೈ, ಹಿಂದಿಯಾದರೂ ಸೈ. ಎದುರು ಬ್ಲಾಕಿನ ಬಾಲ್ಕನಿಯಲ್ಲಿ ನಿಂತು ಯಾರಾದರೂ ಫೋನಿನಲ್ಲಿ ಅತ್ತೆಯನ್ನೋ ಸೊಸೆಯನ್ನೋ ಬೈದರೆ, ಈ ಕಡೆ ನಮ್ಮತ್ತೆ ಬಟಾಣಿ ಸುಲಿಯುತ್ತಲೇ ಅಷ್ಟನ್ನೂ ಓದಿಬಿಡುತ್ತಿದ್ದರು! ಇಡೀ ಸೊಸೈಟಿ ಅವರಿಗೆ ಹೆದರುತ್ತಿತ್ತು. ಮಾಸ್ಕ್ ಬಂದಾಗ ಎಷ್ಟು ಮನೆಯವರು ನೆಮ್ಮದಿಯ ನಿಟ್ಟುಸಿರು ಬಿಟ್ಟರೋ ಏನೋ.

ಎರಡು ಪದರದ ಹಿಂದೆ ತುಟಿ ಅಡಗಿಸಿಟ್ಟ ಮಾವ, ಹೆಂಡತಿಯ ಜೊತೆ ವ್ಯವಹರಿಸುವುದು ಹೇಗೆ? ಸೆಕ್ಷನ್ ಆಫೀಸರ್ ತಾನೇ! ಸರ್ಕಾರಿ ಫೈಲಿನಲ್ಲಿ ಟಿಪ್ಪಣಿ ಬರೆಯುವ ಹಸಿರು ನೋಟ್‌ಶೀಟ್ ತಂದರು. "ಸಾರಿಗೆ ಉಪ್ಪು ಹೆಚ್ಚಾಗಿರುವುದು ಕಂಡುಬಂದಿದೆ. ಸೂಕ್ತ ಕ್ರಮಕ್ಕಾಗಿ" ಎಂದು ಬರೆದು, ಸಹಿ ಹಾಕಿ, ಅಡುಗೆಮನೆಯ ಕಟ್ಟೆಯ ಮೇಲೆ ಇಡುವುದು. ಅತ್ತೆ ಕೈ ಒರೆಸಿಕೊಂಡು ಅದರ ಕೆಳಗೇ, "ಗಮನಿಸಲಾಗಿದೆ. ಎರಡನೇ ಸಲ ಉಪ್ಪು ಹಾಕಿದವರು ತಾವೇ" ಎಂದು ಬರೆದು ವಾಪಸು ಕಳಿಸುವುದು. ಮದುವೆಯಾಗಿ ನಲವತ್ತು ವರ್ಷಕ್ಕೆ ಇಬ್ಬರ ನಡುವೆ ಫೈಲು ಓಡಾಡತೊಡಗಿತು.

ನಾವೆಲ್ಲ ನಕ್ಕೆವು. ಅತ್ತೆ ಮಾತ್ರ ನಗಲಿಲ್ಲ. ಒಮ್ಮೆ ನಾನು ಹೋದಾಗ ನನ್ನ ಮಾಸ್ಕನ್ನೇ ನೋಡುತ್ತಾ, "ಲೋಕದಲ್ಲಿ ಎಲ್ಲರ ಬಾಯೂ ಹೋಗಿಬಿಡ್ತಲ್ಲೇ" ಎಂದರು. "ನಿಮ್ಮ ಮಾವ ಉಪ್ಪು, ಹುಳಿ, ಕರೆಂಟು ಬಿಲ್ಲು ಎಲ್ಲಾ ಬರೀತಾರೆ. ಆದ್ರೆ ಅದು ಮಾತೇನೇ? ಅವರು ಮಾತಾಡಿದ್ದು ನೋಡಿ ವರ್ಷದ ಮೇಲಾಯ್ತು."

ನಾನು ಮಾವನಿಗೆ ತುಟಿ ಕಾಣುವ ಪಾರದರ್ಶಕ ಮಾಸ್ಕ್ ತರಿಸಿಕೊಟ್ಟೆ. ಮಾವ ಹಾಕಿಕೊಂಡರು, "ನೋಡು, ನಾನು..." ಎಂದು ಶುರುಮಾಡಿದರು. ಅಷ್ಟರಲ್ಲಿ ಒಳಗೆಲ್ಲ ಆವಿ ಕಟ್ಟಿ ಡಿಸೆಂಬರಿನ ದೆಹಲಿ ರಸ್ತೆಯಂತಾಯಿತು. ಅದನ್ನೂ ಡ್ರಾಯರಿಗೆ ಹಾಕಿದರು.

ಎರಡನೇ ಅಲೆ ಇಳಿದು ಥೀಮ್ ಪಾರ್ಕುಗಳು ಬಾಗಿಲು ತೆರೆದ ಸುದ್ದಿ ಬಂದದ್ದೇ ತಡ, ಅತ್ತೆ ಒಂದು ನೋಟ್ ಮಂಡಿಸಿದರು: "ಜಯಂಟ್ ವೀಲ್ ಹತ್ತಬೇಕು." ಮಾವ ಬರೆದರು: "ಪರಿಸ್ಥಿತಿ ಅನುಕೂಲಕರವಾಗಿಲ್ಲ. ಒಂದು ತಿಂಗಳ ನಂತರ ಮತ್ತೆ ಮಂಡಿಸಿ." ಸರಿಯಾಗಿ ಒಂದು ತಿಂಗಳಿಗೆ ಅದೇ ಕಾಗದ ಮತ್ತೆ ಬಂತು, ಕೆಳಗೆ "ಜ್ಞಾಪನೆ" ಎಂದು ಸೇರಿಸಿ. ಮಾವ ಮೂರು ದಿನ ಫೈಲನ್ನು ಹಿಡಿದಿಟ್ಟುಕೊಂಡರು. ಕೊನೆಗೆ "ಷರತ್ತುಗಳಿಗೆ ಒಳಪಟ್ಟು ಮಂಜೂರು" ಎಂದಾಯಿತು.

ಷರತ್ತುಗಳು ಹನ್ನೊಂದು! ಹತ್ತು ವರ್ಷದ ನನ್ನ ಮಗಳು ಅನು ಕಾರಿನಲ್ಲಿ ಅವನ್ನು ಓದಿ ಹೌಹಾರಿದಳು. "ಅಜ್ಜಾ, ಕಿರಿಚಬಾರದು ಅಂತ ಬರ್ದಿದೀರಿ! ರೋಲರ್ ಕೋಸ್ಟರ್ ಮೇಲೆ ಬಿನಾ ಚಿಲ್ಲಾಯೇ ಹೆಂಗೆ ಕೂರೋದು?"

"ಮನಸ್ಸಿನಲ್ಲೇ ಕಿರಿಚು. ಎಂಜಲು ಹಾರೋದಿಲ್ಲ."

ಪಾರ್ಕಿನ ಗೇಟು ದಾಟಿದ್ದೇ ಮಾವನ ತಪಾಸಣೆ ಶುರುವಾಯಿತು. ಮೂಗಿನ ಕೆಳಗೆ ಮಾಸ್ಕ್ ಇಳಿಸಿದ್ದ ಒಬ್ಬರಿಗೆ, "ಊಪರ್, ಊಪರ್" ಎಂದು ಬೆರಳಲ್ಲೇ ಸೂಚನೆ. ಗದ್ದಕ್ಕೆ ಹಾಕಿದ್ದವರಿಗೆ ಉಪನ್ಯಾಸ. ಅಷ್ಟರಲ್ಲಿ ಮಕ್ಕಳಿಗೆ ಕೈಕುಲುಕಲು ಆಳೆತ್ತರದ ಕರಡಿಯೊಂದು ಕುಣಿಯುತ್ತಾ ಬಂತು. ಮಾವ ಅದನ್ನು ಅಡ್ಡಗಟ್ಟಿದರು.

"ಭಯ್ಯಾ, ಮಾಸ್ಕ್ ಕಹಾಂ ಹೈ?"

ಕರಡಿ ಹೊಟ್ಟೆಯೊಳಗಿಂದ ಬಂದಂಥ ದನಿಯಲ್ಲಿ, "ಅಂದರ್ ಪಹನಾ ಹೈ, ಅಂಕಲ್‌ಜೀ" ಎಂದಿತು.

"ದಿಖ್ ತೋ ನಹೀಂ ರಹಾ!"

ಒಳಗಿದ್ದು ಕಾಣದ ಮಾಸ್ಕ್ ಮಾವನ ಲೆಕ್ಕಕ್ಕಿಲ್ಲ. ಮಾವ ಚೀಲದಿಂದ ಒಂದು ಮಾಸ್ಕ್ ತೆಗೆದರು. ಅದು ಕರಡಿಯ ಕಿವಿಯವರೆಗೆ ಎಟುಕಲಿಲ್ಲ. ಇನ್ನೊಂದು ತೆಗೆದು, ಎರಡನ್ನೂ ಗಂಟುಹಾಕಿ, ಆ ಮೂತಿಗೆ ಬಿಗಿದೇಬಿಟ್ಟರು! ಸುತ್ತ ನಿಂತ ಮಕ್ಕಳು ಚಪ್ಪಾಳೆ ತಟ್ಟಿದವು. ಮಾಸ್ಕ್ ಹಾಕಿದ ಕರಡಿಯ ಜೊತೆ ಫೋಟೊ ಬೇಕೆಂದು ಸಾಲು ನಿಂತಿತು. ಸಾಲಿನಲ್ಲಿ ಆರಡಿ ಅಂತರವಿಲ್ಲ ಎಂದು ಮಾವ ಅಲ್ಲೂ ಜಗಳ ತೆಗೆದರು.

ಅತ್ತೆ ಇದ್ಯಾವುದರಲ್ಲೂ ಇರಲಿಲ್ಲ. ನಾಲ್ಕು ದಿಕ್ಕಿಗೂ ಮಾಸ್ಕುಗಳು; ಓದುವುದಕ್ಕೆ ಒಂದು ತುಟಿಯೂ ಇಲ್ಲ. ನನ್ನ ಕೈ ಹಿಡಿದು ನಡೆಯುತ್ತಾ, ದೂರದ ಜಯಂಟ್ ವೀಲನ್ನೇ ನೋಡುತ್ತಿದ್ದರು.

ಅಲ್ಲಿ ಒಂದು ತೊಟ್ಟಿಲಿಗೆ ಇಬ್ಬರೇ ಎಂಬ ನಿಯಮ. ಮಾವ, ಅತ್ತೆ ಒಂದರಲ್ಲಿ ಎದುರುಬದುರಾಗಿ ಕೂತರು; ಅದರ ಹಿಂದಿನದರಲ್ಲಿ ನಾನು, ಅನು. ಚಕ್ರ ಮೆಲ್ಲಗೆ ಎದ್ದಿತು. ನಾವು ಮೇಲೇರುವ ಹೊತ್ತಿಗೆ ಕೆಳಗೆ ಯಾರನ್ನೋ ಹತ್ತಿಸಿಕೊಳ್ಳಲು ಅದು ನಿಂತಿತು. ಮಾವನ ತೊಟ್ಟಿಲು ತುತ್ತತುದಿಯಲ್ಲಿತ್ತು.

ಮಾವ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಬೆರಳೆತ್ತಿ ನೋಡಿದರು. ಆಮೇಲೆ ಮೇಲಿನ ಮಾಸ್ಕನ್ನು ತೆಗೆದು ಮಡಚಿ ಜೇಬಿಗಿಟ್ಟರು. ಆಮೇಲೆ ಕೆಳಗಿನದನ್ನೂ.

"ಅಮ್ಮಾ!" ಅನು ನನ್ನ ತೋಳು ಹಿಡಿದು ಜಗ್ಗಿದಳು. "ಅಜ್ಜ ಕೀ ನೋಸ್!"

ಕೆಳಗಿನ ನಿರ್ವಾಹಕನ ಕಣ್ಣಿಗೂ ಅದು ಬಿತ್ತು. ಮೈಕಿನಲ್ಲಿ ಇಡೀ ಪಾರ್ಕಿಗೆ ಕೇಳುವಂತೆ ಕೂಗಿದ: "ಊಪರ್ ವಾಲೇ ಅಂಕಲ್‌ಜೀ, ಮಾಸ್ಕ್ ಲಗಾಯಿಯೇ! ಮಾಸ್ಕ್!" ಜನವೆಲ್ಲ ತಲೆಯೆತ್ತಿ ನೋಡಿತು. ಸುತ್ತೋಲೆ ಮೀರಿದ್ದಕ್ಕೆ ಮಾವನನ್ನು ಯಾರಾದರೂ ಕೂಗಿದ್ದು ಅದೇ ಮೊದಲು. ಮಾವನ ಕಿವಿ ಚುರುಕು, ಖಂಡಿತ ಕೇಳಿಸಿತ್ತು. ಆದರೂ ಅವರು ತಿರುಗಲಿಲ್ಲ. ಮುಂದಕ್ಕೆ ಬಾಗಿ ಅತ್ತೆಯೆದುರು ಏನೋ ಹೇಳುತ್ತಲೇ ಇದ್ದರು. ಅತ್ತೆ ಕಣ್ಣು ಮಿಟುಕಿಸದೆ ಅವರ ಬಾಯಿಯನ್ನೇ ನೋಡುತ್ತಿದ್ದರು. ನಾನು ತುಟಿ ಓದಲು ಕಲಿತವಳಲ್ಲ. ಯಾಕೋ ನನ್ನ ಕಣ್ಣು ತುಂಬಿ ಬಂತು.

ಕೆಳಗಿಳಿದಾಗ ಎರಡೂ ಮಾಸ್ಕ್ ಯಥಾಸ್ಥಾನದಲ್ಲಿದ್ದವು. ನಿರ್ವಾಹಕ ರೇಗಿದ. ಮಾವ ಅಭ್ಯಾಸಬಲದಿಂದ ಜೇಬಿಗೆ ಕೈಹಾಕಿ ಒಂದು ಕಾಗದ ಹೊರತೆಗೆದರು. ಕೊರೊನಾ ಇಲ್ಲ ಎಂಬ ಪರೀಕ್ಷೆಯ ವರದಿ, ಹಿಂದಿನ ದಿನದ್ದು. ಇವತ್ತಿಗೆಂದೇ, ನಮಗ್ಯಾರಿಗೂ ಹೇಳದೆ ಮಾಡಿಸಿಕೊಂಡು ಬಂದಿದ್ದರು! ಅದನ್ನು ಇನ್ನೇನು ಚಾಚಬೇಕು, ಏನನ್ನಿಸಿತೋ, ಮತ್ತೆ ಜೇಬಿಗಿಟ್ಟು, "ಗಲತೀ ಹೋ ಗಯೀ, ಭಯ್ಯಾ" ಎಂದು ತಪ್ಪೊಪ್ಪಿಕೊಂಡು ಕೈಮುಗಿದರು.

ಮಾವ ಅನುವನ್ನು ಐಸ್‌ಕ್ರೀಮಿನ ಕಡೆ ಕರೆದುಕೊಂಡು ಹೋದಮೇಲೆ ನಾನು ಫೋನಿನಲ್ಲಿ ಟೈಪ್ ಮಾಡಿ ಅತ್ತೆಗೆ ತೋರಿಸಿದೆ: "ಮಾವ ಏನು ಹೇಳಿದ್ರು?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮುಂದಿನ ಹಲ್ಲು ಬಿದ್ದುಹೋಗಿದೆ ಕಣೇ ಅವರಿಗೆ. ಯಾವಾಗ ಬಿತ್ತೋ, ಒಂದೇ ಮನೇಲಿದ್ದೂ ನನಗೆ ಗೊತ್ತೇ ಇಲ್ಲ. ತುಟಿಯೆಲ್ಲ ಬೇರೆ ಥರ ಆಡುತ್ತೆ. ಅದಕ್ಕೇ ಮೊದಲನೇ ಸಲ ತಿಳೀಲಿಲ್ಲ, ಇನ್ನೊಂದ್ಸಲ ಹೇಳಿ ಅಂದೆ."

ನಾನು ಫೋನನ್ನು ಮತ್ತೆ ಅವರ ಮುಂದೆ ಹಿಡಿದೆ.

"'ನಿನಗೇನಾದ್ರೂ ಆಗಿದ್ರೆ ನಾನು ಏನು ಮಾಡಬೇಕಿತ್ತು?' ಅಂದ್ರು. ಮೂರನೇ ಸಲಕ್ಕೆ ತಿಳೀತು." ಅತ್ತೆ ಐಸ್‌ಕ್ರೀಮಿನವನ ಹತ್ತಿರ ಅಂತರದ ಬಗ್ಗೆ ವಾದಿಸುತ್ತಿದ್ದ ಮಾವನ ಕಡೆ ನೋಡಿದರು. "ನಾಲ್ಕನೇ ಸಲ ಸುಮ್ಮನೆ ಹೇಳಿಸಿದೆ."