ನಾನು ತೊಳೆದು ಕೊಟ್ಟ ಮನೆ

ಸ್ವಚ್ಛತೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಶಿಗ್ಗಾಂವಿಯಲ್ಲಿ ನನ್ನದು ಸ್ಟೀಲ್ ಪಾತ್ರೆಗಳ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಾನು ಮಾಡುವ ಮೊದಲ ಕೆಲಸ ದೇವರಿಗೆ ಕೈಮುಗಿಯುವುದಲ್ಲ, ಕೊಡಗಳನ್ನು ಒರೆಸುವುದು. ದೇವರು ಒಂದು ಗಳಿಗೆ ಕಾಯಬಹುದು, ಧೂಳು ಕಾಯುವುದಿಲ್ಲ. ನನ್ನ ಹೆಂಡತಿ ಶಿವಲೀಲಾ ಮಾತ್ರ ಇದನ್ನು ಗುಣವೆಂದು ಒಪ್ಪುವುದಿಲ್ಲ, ರೋಗ ಅನ್ನುತ್ತಾಳೆ. ಮನೆಯ ಕಸಬರಿಗೆ ನನ್ನ ಕೈಗೆ ಸಿಗದ ಹಾಗೆ ಎತ್ತಿಡುತ್ತಾಳೆ.

ಮದುವೆಯಾದಾಗಿನಿಂದ ನಮಗೆ ರಜೆ ಎಂದರೆ ದುಂಡಸಿಯ ಮಾವನ ಮನೆ. ಈ ಸಲ ಶಿವಲೀಲಾ ಹಟ ಹಿಡಿದಳು. "ಒಂದ್ ಸಲನಾದ್ರೂ ಮಂದಿ ಹಂಗ ಹೋಂಸ್ಟೇಕ್ಕ ಹೋಗೂಣ್ರಿ. ಎಷ್ಟ್ ದಿನಾ ಅಂತ ನಮ್ಮಪ್ಪನ ಮನಿ ಉಪ್ಪಿಟ್ಟು ತಿಂತೀರಿ?"

ಹೀಗೆ ಒಂದು ಶುಭ ದಿನ ನಾವಿಬ್ಬರೂ ಸ್ಕೂಟರ್ ಏರಿ, ಹಾನಗಲ್ಲಿನಿಂದ ತುಸು ಆಚೆ ಕೆರೆ ದಂಡೆಯ ಒಂದು ಹಳ್ಳಿಗೆ ಬಂದಿಳಿದೆವು. ಮನೆ ಬಸಮ್ಮ ಎಂಬ ವಿಧವೆಯದು. ಮುಂದಿನ ಪಡಸಾಲೆ, ನಡುಮನೆ, ಅಡುಗೆಮನೆ ಬಂದ ಅತಿಥಿಗಳಿಗೆ. ಹಿತ್ತಲ ಕಡೆಯ ಕೋಣೆಗಳಲ್ಲಿ ಬಸಮ್ಮ, ಅವಳ ಮಗಳು ಗಂಗಾ ಮತ್ತು ಬಸಮ್ಮನ ಅತ್ತೆ. ಈ ಅತ್ತೆಯನ್ನು ಓಣಿಯೆಲ್ಲ "ಆಯಿ" ಅನ್ನುತ್ತಿತ್ತು. ತುಂಬಾ ವಯಸ್ಸಾಗಿ ಕಿವಿ ಮಂದವಾಗಿತ್ತು, ದಿನದ ಬಹುಪಾಲು ಮಲಗಿಯೇ ಇರುತ್ತಿದ್ದಳು. ಮನೆಯನ್ನು ಮೊಬೈಲಿನಲ್ಲಿ ಹಾಕಿ ಬಾಡಿಗೆಗೆ ಕೊಡುವ ವ್ಯವಹಾರವೆಲ್ಲ ಹುಬ್ಬಳ್ಳಿಯಲ್ಲಿದ್ದ ಬಸಮ್ಮನ ಅಣ್ಣನ ಮಗನದು.

ನಾವು ಹೊರಡುವ ಹಿಂದಿನ ಸಂಜೆ ಆ ಹುಡುಗನಿಂದ ನನ್ನ ಫೋನಿಗೆ ಸಂದೇಶ ಬಂತು. ಅತಿಥಿಗಳು ಪಾತ್ರೆ ತೊಳೆದು, ಹಾಸಿಗೆ ಮಡಚಿ, ಮನೆಯನ್ನು ತಾವು ಬಂದಾಗ ಇದ್ದ ಹಾಗೆಯೇ ಬಿಟ್ಟು ಹೋಗಬೇಕಾಗಿ ವಿನಂತಿ. ಓದಿ ನನಗೆ ಅವಮಾನವಾಯಿತು. ನಾವು ಬಂದಾಗ ತೊಲೆಯಲ್ಲಿ ಜೇಡರ ಬಲೆ ಇತ್ತು. ಅದನ್ನು ಮತ್ತೆ ಎಲ್ಲಿಂದ ತರಲಿ?

ಅಷ್ಟರಲ್ಲಿ ಬಸಮ್ಮ ಬಂದು ಬಾಗಿಲಲ್ಲಿ ನಿಂತಳು. "ಅಣ್ಣಾರ, ನಾಳಿ ಮಧ್ಯಾಹ್ನ ಹಂಸಭಾವಿಯವರು ನಮ್ಮ ಗಂಗಾನ್ನ ನೋಡಾಕ ಬರಾಕತ್ತಾರ್ರಿ. ಈ ಪಡಸಾಲ್ಯಾಗ ಅವರನ್ನ ಕುಂದ್ರಸ್ಬೇಕು. ಮೊದಲ ಬಂದ ಸಂಬಂಧ ಎಲ್ಲಾ ಮುರದು ಹೋದ್ವು. ಈ ಹುಡುಗನ ಫೋಟೋ ನೋಡಿ ಗಂಗಾನ ಹೂಂ ಅಂದಾಳ. ಇದೊಂದು ಕೂಡಿ ಬಂದ್ರ ಸಾಕಾಗೇತಿ ನನಗ. ನೀವು ಹೋಗೂ ಮುಂದ ಒಂದೀಟು ಕಸಾ ಹೊಡದ್ರ ಸಾಕ್ರಿ."

ನಾನು ಎದೆಯ ಮೇಲೆ ಕೈಯಿಟ್ಟು ಹೇಳಿದೆ, "ಬಸಕ್ಕಾರ, ನೀವು ನಿಶ್ಚಿಂತಿ ಇರ್ರಿ. ಹಂಸಭಾವಿಯವರು ಈ ಮನಿ ನೋಡಿ ಬಾಯಿ ತಕ್ಕೊಂಡು ನಿಂದ್ರಬೇಕು. ಹಂಗ ಮಾಡಿ ಇಡ್ತೇನಿ."

ನಾನು ಕೊಟ್ಟ ಮಾತಿಗೆ ತಪ್ಪಲಿಲ್ಲ. ಅವರು ಬಾಯಿ ತೆಗೆದುಕೊಂಡೇ ನೋಡಿದರು.

ಮರುದಿನ ಬೆಳಿಗ್ಗೆ ಬಸಮ್ಮ ಮತ್ತು ಗಂಗಾ ಹೂವು, ಹಣ್ಣು, ಬಳೆ ತರಲು ಆಟೋದಲ್ಲಿ ಹಾನಗಲ್ಲಿಗೆ ಹೊರಟರು. ಬಳೆಯ ಬಣ್ಣ ಆರಿಸಲು ಶಿವಲೀಲಾ ಕೂಡ ಹತ್ತಿದಳು. ಹತ್ತುವ ಮುನ್ನ ನನ್ನ ಕಡೆ ತಿರುಗಿ, "ಬರೇ ಕಸಾ ಹೊಡೀರಿ. ತಿಳೀತಿಲ್ಲೊ? ಬರೇ ಕಸಾ," ಎಂದಳು. ಮನೆಯಲ್ಲಿ ಉಳಿದದ್ದು ಹಿಂದಿನ ಕೋಣೆಯಲ್ಲಿ ಮಲಗಿದ್ದ ಆಯಿ, ಮುಂದೆ ನಾನು, ನನ್ನ ಕೈಯಲ್ಲಿ ಕಸಬರಿಗೆ.

ಮೊದಲು ಕಸ ಹೊಡೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಮಂಚದ ಕೆಳಗೆ ಬಗ್ಗಿ ನೋಡಿದೆ. ನಮಗಿಂತ ಮೊದಲು ಬಂದುಹೋದ ಸಮಸ್ತ ಅತಿಥಿಗಳ ಇತಿಹಾಸ ಅಲ್ಲಿ ಶೇಖರವಾಗಿತ್ತು. ಚುರುಮುರಿ, ಕೂದಲಿನ ಉಂಡೆ, ಯಾವುದೋ ಕೂಸಿನ ಒಂಟಿ ಕಾಲುಚೀಲ. ರಕ್ತ ಕುದಿಯಿತು. ಮಂಚವನ್ನು ಎಳೆದು ಅಂಗಳಕ್ಕೆ ತಂದು ಗೋಡೆಗೆ ಆನಿಸಿ ನಿಲ್ಲಿಸಿದೆ. ಗಾದಿ, ದಿಂಬು, ಕೌದಿಗಳನ್ನು ತಂದು ಅಂಗಳದ ಮೂಲೆಯಲ್ಲಿ ಒಟ್ಟಿದೆ.

ಆಮೇಲೆ ನೀರು. ಕೊಡಗಟ್ಟಲೆ ಹೊಯ್ದು ನಡುಮನೆಯಿಂದ ಬಾಗಿಲಿನ ಕಡೆಗೆ ತಳ್ಳಿದೆ. ನೀರು ಹೊಸ್ತಿಲು ದಾಟಿ ಅಂಗಳಕ್ಕೆ, ಅಂಗಳದಿಂದ ಓಣಿಗೆ ಹರಿಯಿತು. ಹೊಸ್ತಿಲ ಮುಂದೆ ಗಂಗಾ ನಸುಕಿನಲ್ಲೇ ಎದ್ದು ಹಾಕಿದ್ದ ದೊಡ್ಡ ರಂಗೋಲಿ ಅರ್ಧ ಕದಡಿಹೋಯಿತು. ಅರ್ಧ ರಂಗೋಲಿ ನೋಡಲು ಹೊಲಸು. ಆದ್ದರಿಂದ ಉಳಿದ ಅರ್ಧವನ್ನೂ ತಿಕ್ಕಿ ತೊಳೆದೆ. ನನಗೆ ರಂಗೋಲಿ ಹಾಕಲು ಬರುವುದಿಲ್ಲ, ಅಳಿಸಲು ಚೆನ್ನಾಗಿ ಬರುತ್ತದೆ.

ಖಾಲಿಯಾದ ಕೊಡಗಳನ್ನು ಒಣಗಲೆಂದು ಬಾಗಿಲ ಪಕ್ಕ ಬೋರಲು ಹಾಕಿದೆ. ಅಂಗಿ ತೊಯ್ದಿತ್ತು, ಬಿಚ್ಚಿ ತಂತಿಗೆ ಹಾಕಿದೆ. ಮೈಮೇಲೆ ಉಳಿದದ್ದು ಒದ್ದೆ ಧೋತರ, ಬಿಸಿಲಿಗೆಂದು ತಲೆ ಮೇಲೆ ಒಂದು ಟವೆಲ್. ನಡುಮನೆಗೆ ಕಿಟಕಿಯಿಲ್ಲ. ಒದ್ದೆ ಕೈಯಿಂದ ಸ್ವಿಚ್ ಮುಟ್ಟಲು ಧೈರ್ಯವಾಗಲಿಲ್ಲ. ಎಲ್ಲಿ ಕಲೆ ಉಳಿದಿದೆ ಎಂದು ಕಾಣಲಿ ಅಂತ ದೇವರ ಜಗಲಿಯ ದೀಪವನ್ನು ತಂದು ನೆಲದ ನಟ್ಟನಡುವೆ ಇಟ್ಟು ಹಚ್ಚಿದೆ. ಹಸಿ ವಾಸನೆ ಹೋಗಲೆಂದು ಒಂದು ಹಿಡಿ ಊದಿನಕಡ್ಡಿ. ಬಾಗಿಲಲ್ಲಿ ನಿಂತು ನೋಡಿದೆ. ಮನೆ ತಣ್ಣಗೆ, ಖಾಲಿಯಾಗಿ, ಹೊಗೆಯಾಡುತ್ತ ಹೊಳೆಯುತ್ತಿತ್ತು. ನನಗೆ ನನ್ನ ಮೇಲೆಯೇ ಗೌರವ ಬಂತು.

ಆಗ ಗಮನಿಸಿದೆ. ಎದುರು ಮನೆಯ ಟಿವಿ ಬಂದ್ ಆಗಿತ್ತು. ಬೆಳಿಗ್ಗೆಯಿಂದ ಜಗಳವಾಡುತ್ತಿದ್ದ ಧಾರಾವಾಹಿಯ ಅತ್ತೆ ಸೊಸೆ ಮಾತಿನ ಮಧ್ಯದಲ್ಲೇ ಸುಮ್ಮನಾಗಿದ್ದರು. ಸ್ವಲ್ಪ ಹೊತ್ತಿಗೆ ಮಗ್ಗುಲಿನ ಹಿಟ್ಟಿನ ಗಿರಣಿ ನಿಂತಿತು. ಓಣಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಯಾರೋ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು. ನೀರಿಗೆ ಹೊರಟಿದ್ದ ಒಬ್ಬ ಹೆಂಗಸು ನಮ್ಮ ಅಂಗಳದ ಮುಂದೆ ನಿಂತಳು, ಮಂಚ ನೋಡಿದಳು, ಕೊಡ ನೋಡಿದಳು, ನನ್ನನ್ನು ನೋಡಿದಳು. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಹಿಂದಕ್ಕೆ ತಿರುಗಿ ಹೋದಳು.

ಸೂರ್ಯ ನೆತ್ತಿಯ ಮೇಲಿದ್ದ. ನನ್ನ ನೆರಳು ನನ್ನ ಕಾಲಡಿಯಲ್ಲೇ ಅಡಗಿತ್ತು. ಮಟಮಟ ಮಧ್ಯಾಹ್ನ ಗಾಳಿ ತಿರುಗುವ ಹೊತ್ತು ಎಂದು ಚಿಕ್ಕಂದಿನಲ್ಲಿ ಅವ್ವ ನನ್ನನ್ನು ಹೊರಗೆ ಬಿಡುತ್ತಿರಲಿಲ್ಲ. ಆ ಮಾತು ಈಗ ನೆನಪಾಗಬೇಕಾಗಿರಲಿಲ್ಲ. ಒಂದು ಊರು ಹಾಡುಹಗಲೇ ಹೀಗೆ ಬಾಯಿ ಮುಚ್ಚಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಅವರು ಬಂದರು. ಮುಸುಕು ಹಾಕಿದ ಹೆಂಗಸರು, ಕೈಯಲ್ಲಿ ಟೊಪ್ಪಿಗೆ ಹಿಡಿದ ಗಂಡಸರು, ಒಬ್ಬೊಬ್ಬರಾಗಿ. ಚಪ್ಪಲಿಯ ಸದ್ದು ಕೂಡ ಇಲ್ಲ. ಪಡಸಾಲೆಯ ಗೋಡೆಗುಂಟ ಕುಳಿತರು. ಎಲ್ಲರೂ ನಡುಮನೆಯ ದೀಪವನ್ನೇ ನೋಡುತ್ತಿದ್ದರು.

"ಬರ್ರಿ, ಬರ್ರಿ," ಎಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. "ಕುಡ್ಯಾಕ ನೀರು ತರ್ಲೇನ್ರಿ?"

ಎದುರು ಮನೆಯ ಹಿರಿಯರೊಬ್ಬರು ಎದ್ದು ಬಂದು ನನ್ನ ಬರಿಮೈಯ ಹೆಗಲ ಮೇಲೆ ಕೈಯಿಟ್ಟರು. "ಬ್ಯಾಡಪ್ಪ. ಈಗ ಈ ಮನ್ಯಾಗ ನೀರು ಮುಟ್ಟಬಾರ್ದು."

ಏನಿದೆ ಈ ಮನೆಯಲ್ಲಿ? ಬಂದಾಗಿನಿಂದ ನಾನು ಇಲ್ಲಿಯ ನೀರನ್ನೇ ಕುಡಿದಿದ್ದೆ. ಹುಬ್ಬಳ್ಳಿಯ ಹುಡುಗ ಪಾತ್ರೆ ತೊಳೆಯುವ ವಿಷಯ ತಿಳಿಸಿದ್ದ, ಇದನ್ನು ತಿಳಿಸಿರಲಿಲ್ಲ. ಓಡಿಹೋಗೋಣವೆಂದರೆ ಸ್ಕೂಟರಿನ ಚಾವಿ ತಂತಿಯ ಮೇಲಿನ ಅಂಗಿಯಲ್ಲಿ, ತಂತಿ ಅಂಗಳದ ಆಚೆ ತುದಿಯಲ್ಲಿ, ನಡುವೆ ಇಷ್ಟು ಜನ.

ಆಗ ಇಬ್ಬರು ಹಸಿ ಬಿದಿರಿನ ಗಳಗಳನ್ನು ಹೊತ್ತು ತಂದು ಅಂಗಳದಲ್ಲಿ ಮೆಲ್ಲಗೆ ಇಳಿಸಿದರು. ನನಗೆ ಹೋದ ಜೀವ ಬಂತು. ಬೀಗರು ಬರುತ್ತಾರೆಂದು ಚಪ್ಪರ ಹಾಕಲು ಬಂದಿದ್ದಾರೆ. ಎಂಥ ಊರು, ಎಂಥ ಜನ!

"ಭಾಳ ಚಲೋ ಕೆಲಸಾ ಮಾಡಿದ್ರಿ ನೋಡ್ರಿ," ಎಂದೆ. "ಹಂಸಭಾವಿಯವರು ಬರೂದ್ರೊಳಗ ಕಟ್ಟಿ ಮುಗಸ್ರಿ. ನೋಡಾಕ ಛಂದ ಕಾಣ್ಬೇಕು."

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನನ್ನಿಂದ ದೂರ ಸರಿದು ನಿಂತರು.

ಆ ಹೊತ್ತಿಗೆ ಹಿತ್ತಲಿನ ಬಾಗಿಲು ಕಿರುಗುಟ್ಟಿತು. ನಡುಮನೆಯ ಹೊಗೆಯೊಳಗಿಂದ ಒಂದು ಬಿಳಿ ತಲೆ ಕಂಡಿತು, ಆಮೇಲೆ ಕೋಲು, ಆಮೇಲೆ ಆಯಿ. ನಿದ್ದೆಯಿಂದ ಎದ್ದು ಬಂದಿದ್ದಳು. ಗೋಡೆಗುಂಟ ಕುಳಿತವರೆಲ್ಲ ಒಂದೇ ಸಲಕ್ಕೆ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಒಬ್ಬ ಹೆಂಗಸು ಮಗ್ಗುಲಿನವಳ ತೊಡೆಯ ಮೇಲೆ ಒರಗಿಬಿಟ್ಟಳು. ಆಯಿ ಮಂದಿಯನ್ನು ನೋಡಿದಳು, ದೀಪವನ್ನು ನೋಡಿದಳು, ಅಂಗಳದ ಬಿದಿರನ್ನು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ದೀಪದ ಮುಂದೆ ಕುಕ್ಕರಿಸಿ ಕುಳಿತು, ಸೆರಗು ಬಾಯಿಗೆ ಹಚ್ಚಿ, ರಾಗ ಎಳೆದು ಅಳತೊಡಗಿದಳು. ಆ ದನಿ ಆ ಖಾಲಿ ಮನೆಯಲ್ಲಿ ಸುತ್ತಿ ಸುತ್ತಿ ಬರುತ್ತಿತ್ತು.

ಸ್ವಲ್ಪ ಅತ್ತ ಮೇಲೆ ಆಯಿ ಕಣ್ಣೊರೆಸಿಕೊಂಡು ಕೇಳಿದಳು, "ಯಾರು ಸತ್ತಾರೊ ಯಪ್ಪಾ?"

ಎದುರು ಮನೆಯ ಹಿರಿಯರೇ ಅವಳ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದರು. "ನೀನ, ಆಯಿ."

ಆಯಿ ಕ್ಷಣ ಹೊತ್ತು ವಿಚಾರ ಮಾಡಿದಳು. "ಹೌದಾ? ನನಗ ಯಾರೂ ಹೇಳಲೇ ಇಲ್ಲ."

ಆಗ ನನ್ನ ಬುದ್ಧಿಗೆ ಬೆಳಕು ಬಿತ್ತು. ಹೊರಗೆ ನಿಲ್ಲಿಸಿದ ಮಂಚ. ಒಟ್ಟಿದ ಹಾಸಿಗೆ. ಬೋರಲು ಕೊಡ. ಒಳಗಿಂದ ಹರಿದ ನೀರು, ಅಳಿಸಿದ ರಂಗೋಲಿ, ನೆಲದ ಮೇಲೆ ಒಂಟಿ ದೀಪ. ಎಲ್ಲದರ ನಡುವೆ ಒದ್ದೆ ಧೋತರದಲ್ಲಿ, ತಲೆ ಮೇಲೆ ಬಟ್ಟೆ ಹೊದ್ದು ನಿಂತ ನಾನು. ಸಾವಿನ ಮನೆಯನ್ನು ಇಷ್ಟು ಲೋಪವಿಲ್ಲದೆ ಸಿದ್ಧ ಮಾಡಲು ತಿಳಿದವರಿಂದಲೂ ಆಗುವುದಿಲ್ಲ. ಕಡಿಮೆ ಬಿದ್ದದ್ದು ಹೆಣ ಒಂದೇ.

ಓಣಿಯಲ್ಲಿ ಜೀಪು ನಿಂತ ಸದ್ದು ಕೇಳಿತು. ಹಂಸಭಾವಿಯವರು. ವರ, ಅವನ ಸೋದರಮಾವ, ಹಿಂದೆ ಹೆಂಗಸರು. ಒಬ್ಬರೂ ಕೆಳಗೆ ಇಳಿಯಲಿಲ್ಲ, ಕೂತಲ್ಲಿಂದಲೇ ಬಾಯಿ ತೆರೆದು ನೋಡಿದರು. ಅದರ ಬೆನ್ನಿಗೇ ಆಟೋ ಬಂತು. ಬಸಮ್ಮನ ಕೈಯ ಹೂವಿನ ಪೊಟ್ಟಣ ನೆಲಕ್ಕೆ ಬಿತ್ತು. "ಅತ್ತೀ," ಎಂದು ಒಳಗೆ ಓಡಿದಳು. ಅತ್ತೆ ತನ್ನ ಸಾವಿಗೆ ಬಂದವರೊಡನೆ ಕುಶಲ ವಿಚಾರಿಸುತ್ತಿದ್ದಳು.

ಶಿವಲೀಲಾ ಮಾತ್ರ ಓಡಲಿಲ್ಲ. ಮಂಚದಿಂದ ಧೋತರದವರೆಗೆ ಒಂದು ಸಲ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು.

"ಏನ್ ಮಾಡೀರಿ?"

"ಸ್ವಚ್ಛ ಮಾಡೇನಿ," ಎಂದೆ.

ಜೀಪಿನ ಬಳಿ ಬಸಮ್ಮ ಕೈಮುಗಿದು ಎಷ್ಟು ಹೇಳಿದರೂ ಸೋದರಮಾವ ಅಡ್ಡ ತಲೆಯಾಡಿಸಿದರು. "ಯಾರೂ ಸತ್ತಿಲ್ಲ ಅಂತೀರಿ, ಖರೇ ಇರಬೌದು. ಆದ್ರ ಕಣ್ಣಿಗೆ ಬಿದ್ದದ್ದು ಬಿತ್ತು. ಹಿಂತಾ ಬಾಗಲದಾಗ ಕಾಲಿಟ್ಟು ಕನ್ಯಾ ನೋಡೂದಿಲ್ರಿ ನಾವು. ಗಾಡಿ ತಗಿಯೊ." ಗಂಗಾ ಹೊಸ ಬಳೆ ಹಾಕಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಆ ಹುಡುಗಿಯ ಮುಖ ನೋಡಿ ನನಗೆ ಸಾಯುವಷ್ಟು ನಾಚಿಕೆಯಾಯಿತು. ಅಂದಿನ ವ್ಯವಸ್ಥೆಯೂ ಅದಕ್ಕೆ ಅನುಕೂಲವಾಗಿಯೇ ಇತ್ತು.

ಗಾಡಿ ಗುರುಗುಟ್ಟಿತು. ಆಗ ಗಂಗಾ ಯಾರ ಕಡೆಗೂ ನೋಡದೆ ಒಳಗೆ ಹೋದಳು. ರಂಗೋಲಿಯ ಡಬ್ಬಿ ಹಿಡಿದು ಬಂದು, ಜೀಪಿನ ಮುಂದೆ, ಗಾಲಿಗೆ ಒಂದು ಗೇಣು ದೂರದಲ್ಲಿ ಬಗ್ಗಿ ಚುಕ್ಕಿ ಇಡತೊಡಗಿದಳು. ಇಡೀ ಓಣಿ ನೋಡುತ್ತಿತ್ತು. ಎಳೆ ಎಳೆದಳು, ಹೂವು ಬಿಡಿಸಿದಳು, ಎದ್ದು ನಿಂತಳು.

ಡ್ರೈವರ್ ಸವಣೂರಿನ ಒಬ್ಬ ಸಾಬರು. ಗಾಡಿ ಬಂದ್ ಮಾಡಿ ಕೈ ಮಡಚಿ ಕುಳಿತರು. "ಇದರ ಮ್ಯಾಲ ಗಾಡಿ ಹತ್ತಸಾಂಗಿಲ್ರಿ ನಾ. ಬೇಕಾದ್ರ ನೀವ ಹೊಡೀರಿ."

"ಹಿಂದಕ್ಕ ತಗೋ," ಎಂದರು ಮಾವ.

ಗಂಗಾ ಡಬ್ಬಿ ಎತ್ತಿಕೊಂಡು ಜೀಪಿನ ಹಿಂದಕ್ಕೆ ಹೋಗಿ ಕುಳಿತಳು.

ವರನಿಗೆ ನಗು ತಡೆಯಲಾಗಲಿಲ್ಲ. ಬಾಗಿಲು ತೆಗೆದು ಇಳಿದೇಬಿಟ್ಟ. "ಮಾವಾ, ಇಳೀರಿ. ಇಲ್ಲಿಂದ ಹೋಗಾಕ ಇನ್ನ ಇವರೇ ದಾರಿ ಬಿಡಬೇಕು." ಆಯಿ ಒಳಗಿನಿಂದ ಕೂಗಿದಳು, ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಷ್ಯ ಬೆಳೆಯುತ್ತದಂತೆ, ಮೊಮ್ಮಗಳ ಮಗನನ್ನು ಆಡಿಸಿಯೇ ಹೋಗುತ್ತಾಳಂತೆ. ಆ ಮಾತಿಗೆ ಮಾವನೂ ನಕ್ಕು ಇಳಿದರು. ಸಾವಿಗೆ ಬಂದವರೇ ಮಂಚ ಒಳಗೆ ತಂದರು, ಕೊಡ ತುಂಬಿದರು, ಅವಲಕ್ಕಿ ಹಚ್ಚಿದರು. ಸಂಜೆಯೊಳಗೆ ಮಾತು ಮುಗಿದು ಸಕ್ಕರೆ ಹಂಚಿದರು. ನನ್ನನ್ನು ಒಂದು ಮೂಲೆಯಲ್ಲಿ ಕೂರಿಸಿ, ಯಾವ ಕೆಲಸಕ್ಕೂ ಕೈ ಹಚ್ಚದಂತೆ ಇಬ್ಬರು ಹೆಂಗಸರು ಕಾವಲು ಕುಳಿತರು.

ಹೊರಡುವಾಗ ಬಸಮ್ಮ ಶಿವಲೀಲಾಳಿಗೆ ಉಡಿ ತುಂಬಿದಳು. ನನಗೂ ಕೈಮುಗಿದು, "ಅಣ್ಣಾರ, ಮದವಿಗೆ ಬರಬೇಕ್ರಿ ಮತ್ತ," ಎಂದಳು. ನನ್ನ ಕಣ್ಣು ತುಂಬಿ ಬಂತು. ಎಲ್ಲ ಮರೆತು ಕ್ಷಮಿಸಿದ್ದಾಳೆ, ಎಂಥ ದೊಡ್ಡ ಮನಸ್ಸು ಎಂದುಕೊಂಡು ಸ್ಕೂಟರ್ ಚಾಲೂ ಮಾಡಿದೆ.

ಓಣಿಯ ತಿರುವಿಗೆ ಇನ್ನೂ ಬಂದಿರಲಿಲ್ಲ, ಹಿಂದಿನಿಂದ ಸರ್ ಸರ್ ಎಂಬ ಸದ್ದು ಬೆನ್ನು ಹತ್ತಿ ಬಂತು. ಕನ್ನಡಿಯಲ್ಲಿ ನೋಡಿದೆ. ಬಸಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ನನ್ನ ಸ್ಕೂಟರ್ ನಿಂತಿದ್ದ ಜಾಗವನ್ನೇ ಗುರಿ ಮಾಡಿಕೊಂಡು ಕಸ ಹೊಡೆಯುತ್ತಿದ್ದಳು.

"ಏ, ಅಲ್ಲಿ ನೋಡ," ಎಂದೆ ಶಿವಲೀಲಾಳಿಗೆ. "ಹೋದವರ ಬೆನ್ನಿಗೇ ಕಸಾ ಹೊಡೀಬಾರ್ದು, ಅವರು ತಿರುಗಿ ಬರೂದಿಲ್ಲ ಅಂತಾರ. ಪಾಪ, ಅಕ್ಕಾರಿಗೆ ಅಷ್ಟೂ ಗೊತ್ತಿಲ್ಲೇನು?"

ಶಿವಲೀಲಾ ಉಡಿಯ ಕಾಯಿಯನ್ನು ಭದ್ರವಾಗಿ ಹಿಡಿದುಕೊಂಡಳು.

"ಗೊತ್ತೈತ್ರಿ ಅವರಿಗೆ. ನೀವು ಸುಮ್ನ ಗಾಡಿ ಹೊಡೀರಿ."