ರೇಡಿಯೇಟರಿಗೆ ಜೀರಿಗೆ ನೀರು

ಹಲಸೂರು ಕೆರೆಯ ಹತ್ತಿರ ನನ್ನದೊಂದು ಸಣ್ಣ ಗ್ಯಾರೇಜ್. ಕುದಿಯುವ ಎಂಜಿನ್ನನ್ನು ತಣ್ಣಗೆ ಮಾಡುವುದಷ್ಟೇ ನನ್ನ ಕೆಲಸ. ಕಾರು ತಂದವರ ಮಾತು ಕೇಳಿ ನಾನು ದಂಗಾಗದ ವಾರವೇ ಇಲ್ಲ. ಈ ಕಸುಬು ಕಲಿಸಿದವರು ಶಿವಾಜಿನಗರದ ನಮ್ಮ ಉಸ್ತಾದ್. ಯಾದಗಿರಿ ಕಡೆಯಿಂದ ಬರಿಗೈಯಲ್ಲಿ ಬಂದ ನನ್ನ ಕೈಗೆ ಸ್ಪ್ಯಾನರ್ ಕೊಟ್ಟವರು. ನನ್ನ ಸ್ವಂತ ಕಾರು ಇವತ್ತಿನವರೆಗೆ ರಸ್ತೆಯಲ್ಲಿ ಕುದಿದು ನಿಂತಿಲ್ಲ ಎನ್ನುವುದೊಂದೇ ಅವರ ಮುಂದೆ ನಾನು ಕೊಚ್ಚಿಕೊಳ್ಳುವ ವಿಷಯ. ಉಳಿದದ್ದರಲ್ಲೆಲ್ಲ ಅವರ ಲೆಕ್ಕಕ್ಕೆ ನಾನಿನ್ನೂ ಕಲಿಯುವವನೇ.

ಮುಚ್ಚಳ

ಗ್ಯಾರೇಜಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ: "ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ." ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ನನ್ನ ಮೊಣಕೈ ಮೇಲಿನ ಸುಟ್ಟ ಕಲೆಯೇ ಅದಕ್ಕೆ ಸಾಕ್ಷಿ.

ಒಂದು ದಿನ ಇಂದಿರಾನಗರದ ಹಳೇ ಗಿರಾಕಿಯೊಬ್ಬರು ಕಾರನ್ನು ಎಳೆಸಿಕೊಂಡು ಬಂದರು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಬ್ಬರು ಸೇರಿ ತಿರುಗಿಸಿ ತೆಗೆದು ಒಳಗೆ ಟಾರ್ಚ್ ಬಿಟ್ಟರೆ ಒಂದು ಹನಿ ನೀರಿಲ್ಲ.

"ಸರ್, ಕೊನೇ ಸಲ ಇದನ್ನ ಯಾವಾಗ ತೆಗೆದು ನೋಡಿದ್ರಿ?"

"ತೆಗ್ದೇ ಇಲ್ಲ. ನಾಲ್ಕು ವರ್ಷ ಆಯ್ತು."

"ಯಾಕೆ ಸರ್?"

ಅವರು ನನ್ನ ಗೋಡೆಯನ್ನೇ ತೋರಿಸಿದರು. "ನೀವೇ ಬರ್ಸಿದೀರಲ್ರೀ. ಈ ಟ್ರಾಫಿಕ್ಕಲ್ಲಿ ನನ್ನ ಎಂಜಿನ್ ತಣ್ಣಗಿರೋದಾದ್ರೂ ಯಾವಾಗ, ಹೇಳಿ?"

ಕುಡಿಯೋ ನೀರು

ಹೊರಮಾವಿನ ಮೇಡಂ ಒಬ್ಬರು ಕಾರಿಗೆ ಅಪಾರ್ಟ್‌ಮೆಂಟಿನ ಟ್ಯಾಂಕರ್ ನೀರನ್ನೇ ಹಾಕುತ್ತಿದ್ದರು. ರೇಡಿಯೇಟರಿನ ಒಳಗೆಲ್ಲ ಬಿಳೀ ಉಪ್ಪು ಕಟ್ಟಿತ್ತು. ತೊಳೆದು ಕೊಟ್ಟು, "ಕೂಲೆಂಟೇ ಹಾಕ್ಸಿ ಮೇಡಂ. ತೀರಾ ತುರ್ತು ಬಂದ್ರೆ ನೀವು ಕುಡಿಯೋವಂಥ ನೀರು ಹಾಕಿ" ಎಂದೆ.

ತಿಂಗಳಾಗುವಷ್ಟರಲ್ಲಿ ಕಾರು ಮತ್ತೆ ಬಂತು. ಕೆಳಗೆ ಮಲಗಿ ರೇಡಿಯೇಟರಿನ ನೀರನ್ನು ಹೊರಗೆ ಬಿಟ್ಟೆ. ಕಂದು ಬಣ್ಣದ ನೀರಿನ ಜೊತೆ ಅಂಗೈಗೆ ಸಣ್ಣ ಸಣ್ಣ ಕಾಳು ಬಿದ್ದವು. ತುಕ್ಕಿನ ಚೂರು ಅಂದುಕೊಂಡು ಮೂಸಿ ನೋಡಿದವನು ಗಾಬರಿಯಲ್ಲಿ ಎದ್ದು ತಲೆಯನ್ನು ಬಂಪರಿಗೆ ಹೊಡೆಸಿಕೊಂಡೆ.

"ಮೇಡಂ, ಇದು ಜೀರಿಗೆ!"

"ಹೌದು. ಕುಡಿಯೋ ನೀರು ಹಾಕಿ ಅಂದ್ರಲ್ಲ. ನಮ್ಮನೇಲಿ ಕುಡಿಯೋದು ಇದನ್ನೇ."

ಕಾಳು ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ, ನೀರು ಓಡಾಡುವುದಿಲ್ಲ, ಎಂಜಿನ್ ಹೋಗುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದರು: "ವಿಚಿತ್ರ ಕಣ್ರೀ. ನಮ್ಮ ಯಜಮಾನ್ರಿಗೆ ಚೆನ್ನಾಗೇ ಒಗ್ಗಿತು."

ರಾಯಚೂರಿನ ಅತ್ತೆ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಹೊಸ ಗಿರಾಕಿಯೊಬ್ಬನ ಫೋನು. ಕೆ.ಆರ್. ಪುರದ ತೂಗುಸೇತುವೆ ಮೇಲೆ ಸಿಕ್ಕಿಕೊಂಡಿದ್ದ. "ಅಣ್ಣಾ, ಮೀಟರ್ ಮುಳ್ಳು ಕೆಂಪಿಗೆ ಹೋಗ್ತಿದೆ. ಪಕ್ಕಕ್ಕೆ ಹಾಕೋಕೂ ಜಾಗ ಇಲ್ಲ!"

"ಹೆದರ್ಬೇಡಿ. ಎಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ. ಎಂಜಿನ್ ಬಿಸಿ ಒಳಗೆ ಬಂದ್ಬಿಡುತ್ತೆ. ಜಾಗ ಸಿಕ್ಕ ಕೂಡ್ಲೇ ನಿಲ್ಸಿ" ಎಂದೆ. ಉಪಾಯ ಸರಿಯಾದದ್ದೇ. ಕಿಟಕಿ ಇಳಿಸಿ ಎನ್ನುವುದನ್ನು ಮಾತ್ರ ಮರೆತಿದ್ದೆ.

ಫೋನಿನಿಂದ "ಅಯ್ಯಯ್ಯೋ" ಎಂಬ ಚೀರಾಟ ಕೇಳಿ ನನ್ನ ಕೈಯಲ್ಲಿದ್ದ ಚಹಾ ಚೆಲ್ಲಿತು. ಆಗ ತಾನೇ ರೈಲು ಇಳಿದ ಅವನ ಅತ್ತೆ ಹಿಂದಿನ ಸೀಟಿನಲ್ಲಿದ್ದರಂತೆ. ಅವರೇ ಫೋನು ಕಿತ್ತುಕೊಂಡರು. "ಯಾರಪ್ಪಾ ನೀನು? ರಾಯಚೂರಿನ ಬಿಸಿಲು ತಡೀಲಾರ್ದ ಮಗಳ ಮನಿಗಿ ಬಂದೀನಿ. ಆ ಬಿಸಿಲು ನನ್ನ ಬೆನ್ನಿಗೇ ಕಳಿಸಿಕೊಟ್ಟೀಯೇನು?"

ಬಾಳೆ ಎಲೆ

ಉಸ್ತಾದರ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಆಪರೇಷನ್ ಅಂದರೆ ಅವರಿಗೆ ಜೀವಭಯ. ಈ ಸಲ ಆಯುಧಪೂಜೆಯಾದ ಮೂರನೇ ದಿನಕ್ಕೆ ಅಂತೂ ಇಂತೂ ಒಪ್ಪಿದರು. ಆದರೆ ಒಂದು ಷರತ್ತು. "ನಿನ್ನ ಗಾಡೀಲೇ ಬರ್ತೀನಿ ಬೇಟಾ. ದಾರೀಲಿ ಗಾಡಿ ನಿಂತ್ರೆ ಮೇಲಿನವನ ಇಶಾರಾ, ಬೇಡ ಅಂತಿದಾನೆ ಅಂತ ತಿಳ್ಕೊಂಡು ವಾಪಸ್ ಹೋಗ್ತೀನಿ. ಮತ್ತೆ ಕರೀಬೇಡ." ಹತ್ತು ಗಂಟೆಗೆ ಕೆ.ಆರ್. ಪುರದ ಆಚೆಯ ಕಣ್ಣಾಸ್ಪತ್ರೆಯಲ್ಲಿರಬೇಕಿತ್ತು.

ಹಬ್ಬಕ್ಕೆ ನನ್ನ ಹೆಂಡತಿ ನಮ್ಮ ಕಾರಿನ ಮುಂದೆ ಬಾಳೆಗಿಡ ಕಟ್ಟಿ, ಜಾಲರಿಗೆ ಬಾಳೆ ಎಲೆ ಸಿಕ್ಕಿಸಿ, ಅದರ ಮೇಲೆ ಚೆಂಡುಹೂವಿನ ಹಾರ ಹಾಕಿದ್ದಳು. ತೆಗೆಯಲು ಹೋದರೆ, "ಐದು ದಿನ ಇರ್ಲಿ ಬಿಡ್ರಿ. ಲಕ್ಷ್ಮಿ ಬಂದು ಕುಂತಾಳ" ಎಂದಳು. ನಾನೂ ಸುಮ್ಮನಾದೆ.

ಆಪರೇಷನ್ ದಿನ ಉಸ್ತಾದರನ್ನು ಕೂರಿಸಿಕೊಂಡು ಹೊರಟೆ. ಟಿನ್ ಫ್ಯಾಕ್ಟರಿ ಹತ್ತಿರ ಬರುವಾಗ ಮುಳ್ಳು ನೋಡಿದೆ. ಕೆಂಪು! ನನ್ನ ಕಾರಿನಲ್ಲಿ! ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಸದ್ದಿಲ್ಲದೆ ಕಿಟಕಿ ಇಳಿಸಿ ಹೀಟರ್ ಹಾಕಿದೆ.

"ಬೇಟಾ, ಚಳಿಗಾಲ ಇಷ್ಟು ಬೇಗ ಬಂತಾ?" ಎಂದರು ಉಸ್ತಾದ್.

ಅಷ್ಟರಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೆ.

"ಗಾಡಿ ನಿಂತ್ಹೋಯ್ತಾ?"

"ಇಲ್ಲ ಉಸ್ತಾದ್, ಸಿಗ್ನಲ್."

ಅವರು ಮೂಗರಳಿಸಿ ಗಾಳಿ ಮೂಸಿದರು. "ಸಿಗ್ನಲ್ ಕುದೀತಾ ಇದೆ. ಇಶಾರಾ ಬಂತು. ನಡಿ ವಾಪಸ್."

ಎರಡು ವರ್ಷ ಕಾಡಿ ಬೇಡಿ ಒಪ್ಪಿಸಿದ್ದೆಲ್ಲ ನೀರಿಗೆ ಹೋಯಿತಲ್ಲ ಎಂದು ಅಳುವೇ ಬಂತು. ಇವರು ಇವತ್ತು ಹಿಂತಿರುಗಿದರೆ ಕಣ್ಣು ಹೋದ ಹಾಗೆಯೇ. ನಾನು ಕೈಮುಗಿದು ಬೇಡುತ್ತಿದ್ದರೆ ಅವರಾಗಲೇ ಇಳಿದು ಕಾರನ್ನು ತಡಕುತ್ತಾ ಮುಂದಕ್ಕೆ ಹೋಗಿದ್ದರು. ಜಾಲರಿಯೊಳಗೆ ಕೈ ಹಾಕಿ ಎಳೆದರು. ಬಾಡಿದ ಬಾಳೆ ಎಲೆ ಬಂತು. ಇನ್ನೊಂದು ಬಂತು. ಅವು ಒಳಗೆ ಜಾರಿ ರೇಡಿಯೇಟರಿಗೇ ಅಂಟಿಕೊಂಡಿದ್ದವು.

ಊರಿಗೆಲ್ಲ ಪಾಠ ಹೇಳುವ ನಾನು ಬಗ್ಗಿ ಉಳಿದ ಚೂರುಗಳನ್ನು ಕೀಳತೊಡಗಿದೆ.

"ಬೇವಕೂಫ್! ರೇಡಿಯೇಟರಿಗೆ ಗಾಳಿನೇ ಬಿಟ್ಟಿಲ್ಲ" ಎಂದರು ಉಸ್ತಾದ್. ಎಲೆಯನ್ನು ಮತ್ತೊಮ್ಮೆ ಸವರಿ ನೋಡಿದರು. "ಇದು ಮೇಲಿನವನ ಕೆಲಸ ಅಲ್ಲ, ನಿನ್ನ ಕೆಲಸ. ಇಶಾರಾ ಕ್ಯಾನ್ಸಲ್. ತಣ್ಣಗಾದ್ಮೇಲೆ ನೀರು ಹಾಕು, ನಡಿ."

ಹೋದ ಜೀವ ಬಂತು. ಡಿಕ್ಕಿ ತೆಗೆದೆ. ಒಂದು ಬಾಟಲಿ ಕೂಲೆಂಟ್ ಯಾವಾಗಲೂ ಜೊತೆಗಿರಲಿ ಎಂದು ಎಲ್ಲರಿಗೂ ಹೇಳುವ ನನ್ನ ಡಿಕ್ಕಿಯಲ್ಲಿ ಹಬ್ಬದ ಬೂದುಗುಂಬಳ ಬಿಟ್ಟರೆ ಏನೂ ಇರಲಿಲ್ಲ. ಎಂಜಿನ್ ತಣ್ಣಗಾಗುತ್ತಾ ಬಂತು, ಗಂಟೆ ಒಂಬತ್ತೂವರೆ ದಾಟಿತು, ನೀರಿಲ್ಲ. ಆಗ ಒಂದು ಕಾರು ಹಿಂದೆ ಬಂದು ನಿಂತಿತು. ಇಳಿದವರು ಹೊರಮಾವಿನ ಮೇಡಂ!

ತೆರೆದ ಬಾನೆಟ್ ನೋಡಿದರು, ನನ್ನ ಮುಖ ನೋಡಿದರು, ದೊಡ್ಡ ಬಾಟಲಿ ತಂದುಕೊಟ್ಟರು. "ಹಾಕಿ, ಪರವಾಗಿಲ್ಲ. ಈಗ ಸೋಸಿ ಇಡ್ತೀನಿ."

ಹಾಕಿದೆ. ರೇಡಿಯೇಟರಿಗೂ ಒಗ್ಗಿತು.

ಹತ್ತಕ್ಕೆ ಎರಡು ನಿಮಿಷ ಇರುವಾಗ ಆಸ್ಪತ್ರೆ ತಲುಪಿದೆವು. ಬೆವರು ಸುರಿಸುತ್ತಾ ನಾನು, ನನ್ನ ಭುಜ ಹಿಡಿದು ಉಸ್ತಾದ್. ಸಿಸ್ಟರ್ ಇಬ್ಬರನ್ನೂ ನೋಡಿ, "ಪೇಷಂಟ್ ಯಾರು?" ಎಂದರು.

ಉಸ್ತಾದ್ ನನ್ನನ್ನು ಮುಂದಕ್ಕೆ ತಳ್ಳಿದರು. "ಇವನು. ನಾನು ಕಣ್ಣು ಕಾಣದವನು, ತಡಕಿ ಬಾಳೆ ಎಲೆ ಹುಡುಕಿದೆ. ಇವನು ಮೂರು ದಿನದಿಂದ ಅದನ್ನ ನೋಡ್ಕೊಂಡೇ ಗಾಡಿ ಓಡಿಸಿದಾನೆ."

ಸಿಸ್ಟರಿಗೆ ನನ್ನ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು. "ಇಲ್ಲಿ ಕೂತ್ಕೊಳ್ಳಿ, ಹೆದರ್ಬೇಡಿ" ಎಂದು ನನ್ನ ತಲೆಯನ್ನು ಹಿಂದಕ್ಕೆ ಬಾಗಿಸಿ, ನಾನು ಬಾಯಿ ತೆರೆಯುವ ಮೊದಲೇ ಎರಡೂ ಕಣ್ಣಿಗೆ ಡ್ರಾಪ್ಸ್ ಬಿಟ್ಟೇಬಿಟ್ಟರು.